ಒಳಚೀಲಕ್ಕೆ ಅಕ್ಕನ ಪಥ್ಯ

"ಹಲೋ... ಯಾರು ಮಾತಾಡೋದು?... ಹಾಂ, ಅಕ್ಕನಾ? ದನಿ ಯಾಕೆ ಹೀಗಾಗಿದೆ, ನೆಗಡಿಯಾ?... ಸರಿ, ಸರಿ. ಅಂಗಡೀಲೇ ಇದೀನಿ, ಹೇಳು..."

ಕೊರಿಯಾದ ಮೊಕ್ಪೊ ಪೇಟೆಯಲ್ಲಿ ಹಳೆ ಬಟ್ಟೆ ತಿದ್ದಿಕೊಡುವ ಯೊನ್‌ಸಿಲ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಯಾರದೋ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದಳು. ತೇಜಾನ್‌ನಿಂದ ಅಕ್ಕ ಫೋನ್ ಮಾಡಿದಳೆಂದರೆ ಅರ್ಧ ಗಂಟೆ ಉಪದೇಶ ಖಚಿತ. ಆರು ವರ್ಷದ ಹಿಂದೆ ವೈದ್ಯರು ಯೊನ್‌ಸಿಲ್‌ಳ ಹುಣ್ಣುಬಿದ್ದ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳನ್ನೇ ಮಡಚಿ ಒಳಗೊಂದು ಚೀಲ ಹೊಲಿದಿದ್ದರು. ಆ ಚೀಲ ಈಗ ವರ್ಷಕ್ಕೆ ಮೂರು ಸಲ ಉರಿದೇಳುತ್ತಿತ್ತು.

"ಹೂಂ, ಮತ್ತೆ ಬಂದಿದೆ. ಉಂಡು ಹೋಗೋ ನೆಂಟರ ಹಾಗೆ, ಹೇಳದೆ ಕೇಳದೆ... ಎರಡು ವಾರ ಆಂಟಿಬಯಾಟಿಕ್, ಇವತ್ತಿಗೆ ಒಂಬತ್ತು ದಿನ... ಬಾಯಿ ರುಚಿನಾ? ತುಕ್ಕು ಹಿಡಿದ ಮೊಳೆ ಚೀಪಿದ ಹಾಗಿದೆ... ಇಲ್ಲ ಮಾರಾಯ್ತಿ, ನಡುವೆ ನಿಲ್ಲಿಸಲ್ಲ. ಹೋದ ಸಲ ನಿನ್ನ ಮಾತು ಕೇಳಿ ಐದೇ ದಿನಕ್ಕೆ ನಿಲ್ಲಿಸಿದ್ದೆ, ಅದರ ಪುಣ್ಯ ಉಣ್ತಾ ಇದೀನಿ..."

"ಕಿಮ್ಚಿ ಉಪ್ಪಿನಕಾಯಿನಾ? ಖಾರಕ್ಕೆ ಕ್ರಿಮಿ ಸಾಯುತ್ತಾ? ಆಹಾ. ನಮ್ಮ ಡಾಕ್ಟರು ಪಾಪ, ಅಷ್ಟು ವರ್ಷ ಓದಿದ್ದು ದಂಡ... ನಂಗೆ ಒಗ್ಗೋದು ಗಂಜಿ, ತೋಫು, ಬೇಯಿಸಿದ ಮೀನು. ಒಂದು ಮುಷ್ಟಿ ಜೋಳ ತಿಂದ್ರೆ ಹನ್ನೆರಡು ಸಲ ಓಡ್ಬೇಕು. ಈ ಪೇಟೇಲಿ ಯಾವ ಕಕ್ಕಸಿಗೆ ಚಿಲಕ ಇಲ್ಲ ಅಂತ ನನ್ನ ಕೇಳು, ಹೇಳ್ತೀನಿ..."

"ರಕ್ತನಾ? ಈಗಿಲ್ಲ... ಕಾಯಿಲೆ ಶುರುವಿನಲ್ಲಾ? ಹೋಗ್ತಿತ್ತು, ಯಾಕೆ?... ಎಷ್ಟು ಸಲ ಅಂದ್ರೆ? ಹತ್ತು ವರ್ಷ ಆದ್ಮೇಲೆ ಲೆಕ್ಕ ಕೇಳ್ತಿದೀಯಲ್ಲ, ಆಗ ಎಲ್ಲಿ ಹೋಗಿತ್ತು ಈ ಅಕ್ಕರೆ?... ಮತ್ತೆ ರಕ್ತದ ಮಾತೇ?..."

ಕತ್ತರಿ ಕೈಯಲ್ಲೇ ನಿಂತಿತು.

"ಅಕ್ಕ, ಯಾರಿಗೆ?..."

"ದಾಸೊಲ್‌ಗಾ?... ಎರಡು ತಿಂಗಳಿಂದಾ? ಮಗಳನ್ನ ಎರಡು ತಿಂಗಳು ಮನೇಲಿಟ್ಕೊಂಡು ಏನು ಕೊಟ್ಟೆ?... ಬೇರಿನ ಕಷಾಯ. ನಂಗೆ ನಾಲ್ಕು ವರ್ಷ ಕುಡಿಸಿದ್ದೇ ತಾನೆ? ಭೇಷ್... ಆಸ್ಪತ್ರೆಗೆ ಬರಲ್ಲ ಅಂತಾಳಾ? ಯಾಕಂತೆ?... ನನ್ನ ಹಾಗೆ ಆಗಿಬಿಡ್ತೀನಿ ಅಂತಾನಾ?..."

ಯೊನ್‌ಸಿಲ್ ಕತ್ತರಿಯನ್ನು ಕೆಳಗಿಟ್ಟಳು. ಕಷಾಯ ಕೊಟ್ಟವಳು ಅಕ್ಕ, ನಿಜ. ಆದರೆ ಮಲದ ವಿಷಯ ಹೇಳಿಕೊಳ್ಳಲು ನಾಚಿ ಆ ಕಷಾಯವನ್ನೇ ನೆಪ ಮಾಡಿಕೊಂಡು ಕೂತವಳು ತಾನೇ. ಕೊನೆಗೆ ಪ್ಯಾಂಟನ್ನು ಪಕ್ಕಕ್ಕಿಟ್ಟಳು.

"ಅಳೋದು ಸಾಕು, ಅವಳಿಗೆ ಕೊಡು... ದಾಸೊಲ್, ಚಿಕ್ಕಮ್ಮ ಕಣೆ. ನನ್ನ ಹಾಗೆ ಆಗೋದು ಅಷ್ಟು ಸುಲಭ ಅಂದ್ಕೊಂಡ್ಯಾ? ನಾಲ್ಕು ವರ್ಷ ಮುಚ್ಚಿಡಬೇಕು, ಹನ್ನೊಂದು ಕೆಜಿ ಇಳೀಬೇಕು, ಇದೇ ಅಂಗಡೀಲಿ ಬಿದ್ದು ತಲೆ ಒಡ್ಕೋಬೇಕು. ನಿನಗೆ ಆ ಯೋಗ್ಯತೆ ಇನ್ನೂ ಬಂದಿಲ್ಲ... ಬೇಗ ತೋರಿಸಿದ್ರೆ ಎಷ್ಟೋ ಜನಕ್ಕೆ ಮಾತ್ರೇಲೇ ಹಿಡಿತಕ್ಕೆ ಬರುತ್ತೆ, ತಿಳೀತಾ?..."

"ಆಪರೇಷನ್ ನೋವಾ? ಆಗಿತ್ತು, ಸುಳ್ಳು ಯಾಕೆ ಹೇಳ್ಲಿ... ಮತ್ತೆ ಮಾಡಿಸ್ಕೊಳ್ತೀನಾ ಅಂತಾನಾ?... ಹೂಂ, ಮಾಡಿಸ್ಕೊಳ್ತೀನಿ. ಇಲ್ದಿದ್ರೆ ಸತ್ತೇ ಹೋಗ್ತಿದ್ದೆ. ಆಮೇಲೆ ನಿಮ್ಮಮ್ಮನ್ನ ಬೈಯೋಕೆ ಯಾರಿದ್ರು ಹೇಳು?... ಹಾಂ, ನಗು, ಪರವಾಗಿಲ್ಲ..."

"ನಂಗೂ ಹೆದರಿಕೆ ಆಗುತ್ತೆ ಕಣೆ, ಪ್ರತಿ ಸಲ. ನಾಳೆ ಬೆಳಿಗ್ಗೆ ಮೊದಲ ರೈಲಿಗೆ ಬರ್ತೀನಿ, ಇಬ್ರೂ ಆಸ್ಪತ್ರೆಗೆ ಹೋಗೋಣ. ಬರ್ತೀಯಲ್ವಾ?... ಏನು?... ಗಟ್ಟಿಯಾಗಿ ಹೇಳು... ಹಾಂ, ಹಾಗೆ. ಸ್ಟೇಷನ್ ಬಾಗಿಲಲ್ಲೇ ನಿಂತಿರು... ಛೆ, ಈಗ ಯಾಕೆ ಅಳು? ಒಬ್ಬಳೇ ಎಲ್ಲಾ ಅತ್ತು ಮುಗಿಸ್ಬೇಡ, ನಾಳೆಗೆ ಸ್ವಲ್ಪ ಇಟ್ಕೋ, ನಾನೂ ಬಂದು..."

ಲೈನು ಕಡಿದುಹೋಯಿತು.