ಕೈ ಒಳಗೆ, ಕೈ ಹೊರಗೆ

ದೊಡ್ಡ ದೀಪ ಆರಿಸಿಬಿಡಿ. ಮೂಲೆಯ ಸಣ್ಣದು ಇರಲಿ, ನನಗೆ ನಿಮ್ಮ ಮುಖ ಕಾಣಬೇಕು... ಹೆದರಿದ ಮುಖ ನೋಡುವುದಕ್ಕಿಂತ ದೊಡ್ಡ ಸುಖ ನಿವೃತ್ತಿಯಾದ ಮೇಲೆ ನನಗೆ ಸಿಕ್ಕಿಲ್ಲ! ನಾನು ಭೌತಶಾಸ್ತ್ರ ಓದಿದವನು. ದೆವ್ವ ಅಂದರೆ ಅದರ ತೂಕ ಎಷ್ಟು ಅಂತ ಕೇಳುವ ಜಾತಿ. ಆದರೂ ಹೇಳುತ್ತೇನೆ, ಇದು ನಡೆದದ್ದು. ನಡೆದದ್ದು ನಮ್ಮ ಚಿಕ್ಕಪ್ಪನ ಮಗನಿಗೆ.

ಅವನು ದೋಣಿಗಳ ಪಂಪು ರಿಪೇರಿಯವನು. ಯಾವ ತೂತನ್ನೂ ಬಿಡದೆ ಮುಚ್ಚುತ್ತಾನೆ ಅಂತ ಬಂದರಿನವರೆಲ್ಲ ಅವನನ್ನು ಬಿರಡೆ ಅಂತಲೇ ಕರೆಯುವುದು. ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ, ಸಿಟ್ಟು ಬಂದಾಗ.

ಒಂದು ರಾತ್ರಿ ಬಿರಡೆ ಚೀಲ ಹೆಗಲಿಗೇರಿಸಿ ಮನೆಗೆ ಹೊರಟಿದ್ದ. ಬಂದರಿನ ಕೊನೆಯಲ್ಲೊಂದು ಪಾಳುಬಾವಿ. ಅದನ್ನು ದಾಟುವಾಗ ಕೇಳಿಸಿತು... ಗರ್ರ್ರ್... ಗರ್ರ್ರ್... ಬಾವಿಯಿಂದಲ್ಲ. ಆಚೆ ಕಟ್ಟಿದ್ದ ಪ್ರವಾಸದ ದೋಣಿಯಿಂದ. ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಕ್ಕೆ ಎಸೆಯುವ ಪಂಪು ಅದು. ನೀರು ಸಿಕ್ಕಿದರೆ ಗುಳುಗುಳು ಅನ್ನುತ್ತದೆ. ಇದು ಒಣಗಂಟಲಿನ ದನಿ. ಹೀಗೇ ಓಡಿದರೆ ಬೆಳಗಾಗುವಷ್ಟರಲ್ಲಿ ಸುಟ್ಟು ಕರಕಲು.

ಬಿರಡೆ ನಿಂತ. ನಿಲ್ಲಬಾರದಿತ್ತು. ಎಡಚ ಸತ್ತದ್ದು ಆ ದೋಣಿಯ ಕಕ್ಕಸಿನಲ್ಲೇ.

ಎಡಚ ಅಂದರೆ ದೋಣಿಯ ಯಜಮಾನನ ತಂಗಿ ಗಂಡ. ದೋಣಿಯಲ್ಲಿ ಅರ್ಧ ಅವನದು, ಅದಕ್ಕೇ ಇಬ್ಬರಿಗೂ ಹಾವು ಮುಂಗುಸಿ. ಇನ್ನು ದೋಣಿಯ ಕಕ್ಕಸು ನಮ್ಮ ಮನೆಯದರ ಹಾಗಲ್ಲ ಕಣ್ರೀ. ಅದರ ಹಿಂದೆ ಅಲಗುಗಳಿರುವ ಪಂಪು, ಬಿದ್ದದ್ದನ್ನೆಲ್ಲ ಅರೆದು ಟ್ಯಾಂಕಿಗೆ ನೂಕುತ್ತದೆ. ಮಿಕ್ಸಿಯ ದೊಡ್ಡಣ್ಣ ಅನ್ನಿ! ಯಾರಾದರೂ ಬಟ್ಟೆ ಗಿಟ್ಟೆ ಹಾಕಿ ಕಟ್ಟಿಕೊಂಡಿತೋ, ಮುಚ್ಚಳ ಬಿಚ್ಚಿ ಕೈ ಹಾಕಿಯೇ ತೆಗೆಯಬೇಕು. ಸ್ವಿಚ್ಚು ಇರುವುದು ಮೇಲೆ, ಚುಕ್ಕಾಣಿಯ ಪಕ್ಕ. ಹಾಗಾಗಿ ಒಂದು ಕಟ್ಟುಪಾಡು. ಹಾಕುವವನು "ಕೈ ಒಳಗೆ" ಅಂತ ಕೂಗಬೇಕು. ತೆಗೆದ ಮೇಲೆ "ಕೈ ಹೊರಗೆ". ಅದು ಕಿವಿಗೆ ಬೀಳುವ ತನಕ ಮೇಲಿದ್ದವನು ಸ್ವಿಚ್ಚು ಮುಟ್ಟುವಂತಿಲ್ಲ.

ಅವತ್ತು ಎಡಚ ಕೈ ಹಾಕಿದ್ದ. ಯಜಮಾನ ಮೇಲಿದ್ದ. ನಡುನೀರು. ದಡ ಮುಟ್ಟುವಷ್ಟರಲ್ಲಿ ಮೈಯ ರಕ್ತವೆಲ್ಲ ಬಸಿದುಹೋಗಿತ್ತು. "ಕೈ ಹೊರಗೆ ಅಂತ ಅವನೇ ಕೂಗಿದ, ಅದಕ್ಕೇ ಹಾಕ್ದೆ" ಅಂದ ಯಜಮಾನ. ಇಲ್ಲ ಅನ್ನುವುದಕ್ಕೆ ದೋಣಿಯಲ್ಲಿ ಮೂರನೆಯವರಿರಲಿಲ್ಲ.

"ಯಾರದು, ಬಿರಡೇನಾ? ಬಾರಯ್ಯಾ ಬಾ!" ಯಜಮಾನ ದೋಣಿಯಿಂದಲೇ ಕೈ ಬೀಸಿದ. "ಬೆಳಿಗ್ಗೆ ಜನ ಹತ್ತುತಾರೆ, ಕಕ್ಕಸು ಕಟ್ಕೊಂಡಿದೆ. ತಳದ ಪಂಪು ಬೇರೆ ನಿಲ್ತಾನೇ ಇಲ್ಲ."

"ನಾಳೆ ನೋಡೋಣ ಯಜಮಾನ್ರೇ."

"ಯಾಕೆ, ಭಯಾನಾ?"

"ಹಸಿವು."

ಭಯವೇ ಆಗಿತ್ತಂತೆ. ಆದರೂ ಹತ್ತಿದ.

ತಳದ ಹಲಗೆ ಎತ್ತಿ ಟಾರ್ಚು ಬಿಟ್ಟ. ಒಂದು ಹನಿ ನೀರಿಲ್ಲ. ನೀರು ಏರಿದಾಗ ಮಾತ್ರ ಏಳಬೇಕಾದ ತೇಲುಗುಂಡು ಎದ್ದೇ ನಿಂತಿತ್ತು... ಯಾರೋ ಕೆಳಗಿನಿಂದ ಎತ್ತಿ ಹಿಡಿದ ಹಾಗೆ. ಒತ್ತಿದ. ಪಂಪು ನಿಂತಿತು. ಕೈ ಬಿಟ್ಟ. ಗುಂಡು ಮೆಲ್ಲಗೆ ಎದ್ದಿತು. ಗರ್ರ್ರ್...

ಬಿರಡೆ ಹಲಗೆ ಮುಚ್ಚಿದ. ಸೀದಾ ಮೇಲೆ ಹೋಗಿ ಕಕ್ಕಸಿನ ಪಂಪಿನ ಫ್ಯೂಸ್ ಕಿತ್ತ. ಗಾಜಿನ ಸಣ್ಣ ಕೊಳವೆ, ಒಳಗೆ ಕೂದಲಿನಂಥ ತಂತಿ. ಹೊಸದು, ಫಳಫಳ ಹೊಳೆಯುತ್ತಿತ್ತು. ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಫ್ಯೂಸ್ ಇಲ್ಲ ಅಂದರೆ ಸ್ವಿಚ್ಚು ಯಾರು ಒತ್ತಿದರೂ ಪಂಪು ತಿರುಗದು.

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವೇನಯ್ಯಾ?" ಯಜಮಾನ ನಕ್ಕ.

"ನನ್ನ ಬೆರಳ ಮೇಲೆ ಪ್ರೀತಿ ಯಜಮಾನ್ರೇ."

ಯಜಮಾನನೂ ಹಿಂದೆಯೇ ಇಳಿದು ಬಂದ. ಕಕ್ಕಸಿನಲ್ಲಿ ಇಬ್ಬರು ಅಂಟಿಕೊಂಡೇ ಕೂರಬೇಕು. ಬಿರಡೆ ಪಂಪಿನ ಮುಚ್ಚಳ ಬಿಚ್ಚಿದ. "ಕೈ ಒಳಗೆ" ಅಂದು ತೂರಿಸಿದ. ಬಟ್ಟೆಯ ಅಂಚು ಸಿಕ್ಕಿತು... ಆಗ ಒಳಗಿನಿಂದ ಯಾರೋ ಅವನ ಮಣಿಕಟ್ಟು ಹಿಡಿದರು. ಮಂಜಿನಂಥ ಕೈ. ಎಳೆಯಲಿಲ್ಲ. ಹೊರಕ್ಕೆ ತಳ್ಳಿತು. ಆ ಹಿಡಿತದಲ್ಲಿ ಹೆಬ್ಬೆರಳಿತ್ತು. ಮಿಕ್ಕ ಬೆರಳುಗಳಿರಲಿಲ್ಲ.

"ನಾನು ಹಾಕಲ್ಲ," ಬಿರಡೆ ಪಿಸುಗುಟ್ಟಿದ.

"ಥೂ, ಮೀಸೆ ಬೇರೆ ಬಿಟ್ಟಿದೀಯ! ಸರಿ ಆ ಕಡೆ. ಫ್ಯೂಸ್ ನಿನ್ನ ಹತ್ರಾನೇ ಇದೆ ತಾನೇ?"

"ಇದೆ."

ಬಿರಡೆ ಟಾರ್ಚು ಹಿಡಿದ. ಯಜಮಾನ ಅಂಗಿಯ ತೋಳು ಮಡಚಿ ಕೈ ಇಳಿಸಿದ. ಎಷ್ಟೋ ವರ್ಷದ ರೂಢಿ, ಬಾಯಿ ತಾನಾಗಿಯೇ ಅಂದುಬಿಟ್ಟಿತು.

"ಕೈ ಒಳಗೆ."

ಮೇಲಿಂದ... ಚುಕ್ಕಾಣಿಯ ಹತ್ತಿರದಿಂದ... ಮೆಲ್ಲಗೆ ಉತ್ತರ ಬಂತು.

"ಕೈ ಹೊರಗೆ."

ಟಕ್.

ಮೊದಲು ಒಂದು ಗುಂಯ್. ಆಮೇಲೆ ಕರಕರ, ಕರಕರ... ಹಸಿಮೂಳೆಯ ಸದ್ದು ಹೇಗಿರುತ್ತದೆ ಅಂತ ನನ್ನನ್ನು ಕೇಳಬೇಡಿ, ಬಿರಡೆ ಹೇಳಿದ ದಿನ ನಾನು ಊಟ ಬಿಟ್ಟಿದ್ದೆ. ಯಜಮಾನನ ತಲೆ ಗೋಡೆಗೆ ಧಡ್, ಧಡ್ ಅಂತ ಬಡಿಯಿತು. ರಕ್ತ ಚಾವಣಿಗೆ ಚಿಮ್ಮಿ ಬಿರಡೆಯ ಕಣ್ಣಿಗೆ ಇಳಿಯಿತು. ಅವನು ಯಜಮಾನನ ಸೊಂಟ ಹಿಡಿದು, ಗೋಡೆಗೆ ಕಾಲು ಕೊಟ್ಟು ಎಳೆದ. ಬರಲಿಲ್ಲ. ಸ್ಪ್ಯಾನರಿನಿಂದ ಮೋಟಾರಿಗೆ ಬಡಿದ. ಮೋಟಾರು ಬಿರುಕು ಬಿಟ್ಟಿತು, ತಿರುಗುತ್ತಲೇ ಇತ್ತು. ತಂತಿಯನ್ನೇ ಕತ್ತರಿಸಿದ. ತುಂಡಾದ ತಂತಿ ನೆಲದ ಮೇಲೆ ಬಿದ್ದಿತ್ತು... ಪಂಪು ಅರೆಯುತ್ತಲೇ ಇತ್ತು.

"ಬಿಡೋ ಭಾವಾ!" ಯಜಮಾನ ಮೇಲಕ್ಕೆ ನೋಡಿ ಅರಚಿದ. "ನೀನು ಕೂಗಲಿಲ್ಲ ಕಣೋ! ಕೂಗಲೇ ಇಲ್ಲ! ನಾನೇ ಹಾಕಿದ್ದು... ಬೇಕಂತಲೇ ಹಾಕಿದ್ದು!"

ಪಂಪು ನಿಂತಿತು. ತಳದ ಪಂಪೂ ನಿಂತಿತು.

ಬಿರಡೆ ತನ್ನ ಬೆಲ್ಟು ಬಿಗಿದು ಕಟ್ಟಿ, ಅವನನ್ನು ಹೆಗಲ ಮೇಲೆ ಹೊತ್ತು, ಅದೇ ಬಾವಿ ದಾಟಿ ಆಸ್ಪತ್ರೆಗೆ ಓಡಿದ. ಯಜಮಾನ ಉಳಿದ. ಆ ಕೈಯಲ್ಲಿ ಉಳಿದದ್ದು ಹೆಬ್ಬೆರಳೊಂದೇ.

ಪೊಲೀಸರು ಬಿರಡೆಯನ್ನು ಹಿಡಿಯದೆ ಇನ್ನೇನು ದೆವ್ವವನ್ನು ಹಿಡಿಯುತ್ತಾರೆಯೇ? ದೋಣಿಯಲ್ಲಿದ್ದವರು ಇಬ್ಬರು, ಒಬ್ಬನ ಕೈ ಪಂಪಿನಲ್ಲಿ. ಸ್ವಿಚ್ಚು ಹಾಕಿದವನು ಯಾರು? "ಫ್ಯೂಸ್ ನನ್ನ ಜೇಬಲ್ಲೇ ಇದೆ ಸಾರ್" ಅಂತ ಬಿರಡೆ ಗೋಗರೆದ. ಅಷ್ಟರಲ್ಲಿ ಎಚ್ಚರಗೊಂಡ ಯಜಮಾನ ಹಾಸಿಗೆಯಿಂದಲೇ ಹೇಳಿಕೆ ಕೊಟ್ಟ. "ಅವನು ನನ್ನ ಪಕ್ಕದಲ್ಲೇ ಟಾರ್ಚು ಹಿಡ್ಕೊಂಡಿದ್ದ. ಅವನ ತಪ್ಪಿಲ್ಲ. ನನ್ನ ತಂಗೀನ ಕರೆಸಿ, ಅವಳಿಗೊಂದು ಮಾತು ಹೇಳ್ಬೇಕು." ಹೇಳಿದ. ಜೈಲಿಗೂ ಹೋದ.

ಕಟ್ಟುಕತೆ ಅಂತೀರಾ? ಅನ್ನಿ, ಅನ್ನಿ. ಆ ಫ್ಯೂಸನ್ನು ಮನೆಯಲ್ಲಿಟ್ಟುಕೊಳ್ಳಲು ಬಿರಡೆ ಒಪ್ಪಲಿಲ್ಲ. ನನ್ನ ಈ ಕನ್ನಡಕದ ಡಬ್ಬಿಯಲ್ಲೇ ಇದೆ, ದೀಪಕ್ಕೆ ಹಿಡಿದು ನೋಡಿ. ಗಾಜು ಒಳಗಿನಿಂದ ಕಪ್ಪಾಗಿದೆ. ತಂತಿ ಕರಗಿಹೋಗಿದೆ. ಜೇಬಿನ ಗುಂಡಿ ಹಾಕಿದ್ದು ಹಾಕಿದ ಹಾಗೇ ಇತ್ತು. ಬಿಚ್ಚಿದವರು ಇನ್ಸ್‌ಪೆಕ್ಟರೇ.