ಕಳ್ಳನಿಲ್ಲದ ಗಲಾಟೆ

ಚರ್ಮದ ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಕಿವಿಗೆ ಪಕ್ಕದ ತಾಯಿ-ಮಗಳ ಮಾತು ಬಿತ್ತು.

“ಅಮ್ಮಾ, ಕೆರ್ಕೋಬೇಡ.”

“ತುರಿಕೆ ಬಗ್ಗೆ ಒಂಬತ್ತು ವರ್ಷ ಸಂಶೋಧನೆ ಮಾಡಿ ಕಂಡುಹಿಡಿದಿದ್ದು ಇದೇನಾ? ನಮ್ಮಜ್ಜಿ ಓದದೇನೇ ಹೇಳ್ತಿದ್ರು.”

“ಯಾಕೆ ಅಂತ ಹೇಳಿದ್ರಾ? ಕೆರೆದ್ರೆ ನರಗಳು ಬೊಬ್ಬೆ ಹೊಡೀತವೆ. ಮೈ ಕಾಯೋ ಕಣಗಳು ಕಳ್ಳ ಬಂದ ಅಂತ ಓಡಿ ಬರ್ತವೆ. ಚರ್ಮ ಊದ್ಕೊಂಡು ತುರಿಕೆ ಇನ್ನೂ ಜಾಸ್ತಿಯಾಗುತ್ತೆ.”

“ಕಳ್ಳನೇ ಇಲ್ದೆ ಇಷ್ಟು ಗಲಾಟೆ! ಥೇಟ್ ನಿಮ್ಮ ದೊಡ್ಡಪ್ಪನ ಬುದ್ಧಿ.”

ದರ್ಜಿ ಕೆಮ್ಮುವಂತೆ ನಟಿಸಿ ನಗು ನುಂಗಿಕೊಂಡ.

“ಮಾತು ಮರೆಸ್ಬೇಡ. ಮೂರು ವರ್ಷ ಉದ್ದ ತೋಳಿನ ರವಿಕೆ ಹಾಕ್ಕೊಂಡು ಇದನ್ನ ಮುಚ್ಚಿಟ್ಟೆಯಲ್ಲ, ಅದೂ ನನ್ನಿಂದ! ಯಾಕಮ್ಮ?”

ತಾಯಿ ತೋಳು ಕೆಳಗೆಳೆದುಕೊಂಡಳು.

“ದಿನವೆಲ್ಲ ಊರವರ ಇಸುಬು ನೋಡಿ ಸುಸ್ತಾಗಿ ಬರ್ತೀಯ. ಮನೇಲಿ ಒಂದು ಮೈಯಾದ್ರೂ ನೆಟ್ಟಗಿರಲಿ ಅಂತ.”

ಮಗಳು ಆ ತೋಳನ್ನು ಮೆಲ್ಲಗೆ ಮತ್ತೆ ಮೇಲೆ ಸರಿಸಿದಳು.

“ಅಯ್ಯೋ ಅಮ್ಮಾ, ಸುಸ್ತಾಗೋದು ಇಸುಬಿಂದಲ್ಲ, ಮೀಟಿಂಗಿಂದ!”

ನರ್ಸ್ ಕರೆದಳು. ತಾಯಿ ಎದ್ದಳು.

“ನೀನು ಬರ್ಬೇಡ. ಡಾಕ್ಟರಿಗೇ ಪಾಠ ಶುರು ಮಾಡ್ತೀಯ.”

“ತುಟಿ ಬಿಚ್ಚಲ್ಲ, ಆಣೆ.”

“ಹಾಗಾದ್ರೆ ಬಾ. ಈ ಕೈ ಹಿಡ್ಕೋ. ಬಿಟ್ರೆ ಕೆರ್ಕೊಂಡ್ಬಿಡ್ತೀನಿ.”

ಇಬ್ಬರೂ ಕೈ ಹಿಡಿದುಕೊಂಡೇ ಒಳಗೆ ಹೋದರು.