ಯಾರೂ ಮುಟ್ಟದ ರಿತೇಶನ ಲೆಕ್ಕ

ನಂದಿನಿ ಹೊಳೆಯ ನಡುಗಡ್ಡೆಯಲ್ಲಿ ಕೂತು ನಮ್ಮನ್ನು ಪೊರೆಯುವ ತಾಯಿಗೆ ಮೊದಲು ಕೈಮುಗಿಯೋಣ. ಇದ್ದವರಿಗೂ ಅವಳೇ ಅಮ್ಮ, ಹೋದವರಿಗೂ ಅವಳೇ. ದೀಪ ಸ್ವಲ್ಪ ಸಣ್ಣದು ಮಾಡಿ. ಬಾಗಿಲಿಗೆ ಚಿಲಕ ಹಾಕಿದ್ದೀರಷ್ಟೆ?

ಇದು ನೆರೂಳದಲ್ಲಿ ನಮ್ಮ ಬಿಲ್ಡಿಂಗಿನ ಮುರಾರಿಯವರ ಮಗಳು ಅನಘಳಿಗೆ ಆದದ್ದು. ಎರಡು ಸಾವಿರದ ಹನ್ನೊಂದರ ಕಾರ್ತಿಕದಲ್ಲಿ.

ಅವತ್ತು ಶುಕ್ರವಾರ. ಲ್ಯಾಬ್ ಮುಚ್ಚುವವರೆಗೂ ಕಾಲೇಜಿನಲ್ಲಿ ಕೂತು ಅವಳು ಒಬ್ಬಳೇ ಮನೆಗೆ ಬರುತ್ತಿದ್ದಳು. ದೊಡ್ಡ ರಸ್ತೆಯನ್ನು ಪೈಪಿಗಾಗಿ ಅಗೆದು ಹಾಕಿದ್ದರು. ಹಾಗಾಗಿ ಹಳೆಯ ನೆರೂಳ ಊರಿನ ಒಳಗಿಂದ ಬಂದಳು. ಅಲ್ಲೊಂದು ಬಾವಿಯಿದೆ, ಹೊಸ ಪಟ್ಟಣದ ಸೆಕ್ಟರುಗಳು ಹುಟ್ಟುವ ಮೊದಲಿನದು. ಮೇಲೆ ಕಬ್ಬಿಣದ ಜಾಲರಿ, ಪಕ್ಕಕ್ಕೆ ಆಲ.

ಅವಳ ತಲೆಯಲ್ಲಿ ಸೋಮವಾರವೇ ತುಂಬಿಕೊಂಡಿತ್ತು. ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ವರ್ಷ ಹೋಯಿತು. ಐರೋಲಿಯ ಕಂಪೆನಿಯವರು ಡಿಗ್ರಿ ಬರಲಿ ಅಂತ ಹಿಡಿದಿಟ್ಟ ಕೆಲಸವೂ ಹೋಯಿತು. ಸಮುದ್ರ ಉಬ್ಬಿ ಭರತ ಬಂದಾಗ ಖಾಡಿಯ ಹಿನ್ನೀರು ಎಲ್ಲೆಲ್ಲಿಗೆ ನುಗ್ಗುತ್ತದೆ ಅನ್ನುವ ಅವಳ ಲೆಕ್ಕ ಸರ್ವರಿನ ಮೇಲೆ ಕುಂಟುತ್ತಿತ್ತು.

ಡಿಪಾರ್ಟ್‌ಮೆಂಟಿಗೆಲ್ಲ ಸೇರಿ ಒಂದೇ ಲಿನಕ್ಸ್ ಸರ್ವರ್. ಬೀಗ ಹಾಕಿದ ಕೋಣೆಯಲ್ಲಿ, ಏಸಿಯ ತಂಪಿನಲ್ಲಿ, ಹಗಲೂ ರಾತ್ರಿ ಹೂಂಗುಟ್ಟುತ್ತಿತ್ತು. ಹುಡುಗರು ಮನೆಯಲ್ಲಿ ಕೂತೇ ತಮ್ಮ ಹೆಸರು, ಪಾಸ್‌ವರ್ಡ್ ಕೊಟ್ಟು ಅದರೊಳಗೆ ಹೋಗಿ, ದಿನಗಟ್ಟಲೆ ಓಡುವ ಲೆಕ್ಕಗಳನ್ನು ಹಚ್ಚಿ ಬಿಡುತ್ತಿದ್ದರು. ಚಾಳಿನ ನಳದ ಹಾಗೆ. ನಳ ಒಂದೇ, ಬಿಂದಿಗೆ ಹತ್ತು. ಆ ನೀರಿನಲ್ಲಿ ಅರ್ಧದಷ್ಟನ್ನು ಒಬ್ಬನ ಲೆಕ್ಕವೇ ಕುಡಿಯುತ್ತಿತ್ತು.

ರಿತೇಶನದು.

ಡೊಂಬಿವಲಿಯ ವಸಂತಕುಮಾರ, ಪ್ರಫುಲ್ಲಾ ದಂಪತಿಗೆ ಒಬ್ಬನೇ ಮಗ, ಮೂಲ್ಕಿ ಕಡೆಯವರು. ಹಿಂದಿನ ವರ್ಷ ಒಂದು ಸಂಜೆ ಆ ಲೆಕ್ಕವನ್ನು ಹಚ್ಚಿ, ಇದನ್ನು ಯಾರೂ ಮುಟ್ಟಬೇಡಿ, ನಾಳೆ ಬಂದು ನೋಡುತ್ತೇನೆ ಅಂತ ಎಲ್ಲರಿಗೂ ಹೇಳಿ ಹೋದವನು. ದಿವಾ ಸ್ಟೇಶನ್ ದಾಟುವಾಗ ಲೋಕಲ್ ರೈಲಿನ ಬಾಗಿಲಿನಿಂದ ಬಿದ್ದ… ನಾಳೆ ಬರಲಿಲ್ಲ. ಲೆಕ್ಕ ಮಾತ್ರ ಓಡುತ್ತಲೇ ಇತ್ತು. ತಾನಾಗಿ ನಿಲ್ಲುವವರೆಗೆ ಓಡಲಿ ಬಿಡಿ ಅಂದರು ದೊಡ್ಡ ಸರ್. ಅಲ್ಲಿಂದ ಅದೊಂದು ನೇಮವೇ ಆಯಿತು. ಹೊಸದಾಗಿ ಬಂದವರಿಗೆ ಮೊದಲ ದಿನವೇ ಹೇಳುತ್ತಿದ್ದರು. ಕಸ ಗುಡಿಸಲು ಬರುವ ಚಂದ್ರಬಾಯಿ ಗುರುವಾರಕ್ಕೊಂದು ದಾಸವಾಳವನ್ನು ಆ ಯಂತ್ರದ ನೆತ್ತಿಯ ಮೇಲಿಡುತ್ತಿದ್ದಳು.

ಬಾವಿಯ ಹತ್ತಿರ ಬಂದಾಗ ಅನಘಳಿಗೆ ಅನಿಸಿತು… ರಿತೇಶನ ಲೆಕ್ಕವನ್ನು ಕೊಲ್ಲುವುದಲ್ಲ, ಎರಡೇ ರಾತ್ರಿ ನಿಲ್ಲಿಸಿಟ್ಟರೆ? ಆಮೇಲೆ ಮುಂದುವರಿಸಿದರಾಯಿತು. ಯಾರಿಗೆ ಗೊತ್ತಾಗುತ್ತದೆ?

ಹಿಂದಿನಿಂದ ಸದ್ದು. ಟಕ್… ಟಕ್‌ಟಕ್… ಟಕ್.

ನಿಂತಳು. ಸದ್ದೂ ನಿಂತಿತು. ಎಲೆಯಿಂದ ಹನಿ ಬೀಳುತ್ತಿದೆಯೇನೋ ಅಂದುಕೊಂಡಳು. ಆದರೆ ಆ ವಾರ ಮಳೆ ಇರಲಿಲ್ಲ. ದೇವರ ಹೆಸರು ಹೇಳುತ್ತ ಬೇಗ ಬೇಗ ನಡೆದಳು.

ಮನೆಯಲ್ಲಿ ಅಪ್ಪ ಇರಲಿಲ್ಲ, ಹೋಟೆಲಿನ ಕೆಲಸಕ್ಕೆ ಕಳಂಬೋಲಿಗೆ ಹೋಗಿದ್ದರು. ತಾಯಿ ರಮಾಮಣಿ ಬಡಿಸಿ, ದೇವರ ದೀಪ ಸರಿಮಾಡಿ ಮಲಗಿದರು. ಅನಘ ಲ್ಯಾಪ್‌ಟಾಪ್ ತೆರೆದಳು. ಒಬ್ಬನ ಲೆಕ್ಕವನ್ನು ಇನ್ನೊಬ್ಬರು ನಿಲ್ಲಿಸುವ ಹಾಗಿಲ್ಲ, ಅವನ ಹೆಸರಿನಲ್ಲೇ ಒಳಗೆ ಹೋಗಬೇಕು. ರಿತೇಶ ಬದುಕಿದ್ದಾಗ ಚಿಕ್ಕವರು ನೋಡಿ ಕಲಿಯಲಿ ಅಂತ ಪಾಸ್‌ವರ್ಡನ್ನು ಎಲ್ಲರಿಗೂ ಕೊಟ್ಟಿದ್ದ. ಅಂಥ ಹುಡುಗ.

ಅವನ ಹೆಸರು ಬರೆದಳು. ಪಾಸ್‌ವರ್ಡ್ ಬರೆದಳು. ಬಾಗಿಲು ತೆರೆಯಿತು. ಲೆಕ್ಕವನ್ನು ನಿಲ್ಲಿಸಿದಳು. ಹೊರಗೆ ಬಂದಳು. ಮತ್ತೆ ತನ್ನ ಹೆಸರಿನಲ್ಲಿ ಹೋಗಿ ನೋಡಿದರೆ, ಅವಳ ಲೆಕ್ಕ ಕುದುರೆಯ ಹಾಗೆ ಓಡುತ್ತಿತ್ತು. ಸಮಾಧಾನದ ಉಸಿರು ಬಿಟ್ಟಳು.

ಟಣ್.

ಪರದೆಯ ಮೇಲೆ ಒಂದು ಸಾಲು ಮೂಡಿತು. ಸರ್ವರಿನೊಳಗೆ ಇರುವವರು ಒಬ್ಬರಿಗೊಬ್ಬರು ಹೀಗೆ ಬರೆಯಬಹುದು. ಮೇಲೆ ಕಳಿಸಿದವನ ಹೆಸರು, ರಿತೇಶ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ತುಳು.

ಏರ್?

ಯಾರು, ಅಂತ.

ಅನಘ ಸರ್ವರಿನ ಒಳಗೆ ಯಾರ್ಯಾರಿದ್ದಾರೆ ಅಂತ ನೋಡಿದಳು. ಇಬ್ಬರೇ. ಅವಳು, ರಿತೇಶ. ಅವಳು ಬಂದದ್ದು ಮನೆಯಿಂದ. ಅವನು ಬಂದದ್ದು ಹೊರಗಿನಿಂದಲ್ಲ, ಸರ್ವರ್ ಕೋಣೆಯ ಒಳಗಿನ ಕೀಬೋರ್ಡಿನಿಂದಲೇ. ಆ ಕೋಣೆಯ ಬೀಗದಕೈ ಚಂದ್ರಬಾಯಿಯ ಸೊಂಟದಲ್ಲಿ. ಚಂದ್ರಬಾಯಿ ಕಲ್ಯಾಣದ ತನ್ನ ಮನೆಯಲ್ಲಿ.

ಜೊತೆಗೆ ಓದುವ ಸಮಿತನಿಗೆ ಫೋನ್ ಮಾಡಿದಳು. ಅವನೂ ನಮ್ಮವರ ಹುಡುಗನೇ, ಠಾಣೆಯಲ್ಲಿ ಹುಟ್ಟಿ ಬೆಳೆದವನು. ಇದು ನಿನ್ನದೇ ಮಸ್ತಿ ಹೌದೋ ಅಲ್ಲವೋ ಅಂತ ಪಿಸುಗುಟ್ಟಿ ಕೇಳಿದಳು.

"ಪಾಗಲ್ ಹೈ ಕ್ಯಾ? ಮುಝೇ ತುಳು ಆತೀ ಕಹಾಂ ಹೈ," ಅಂದ ಅವನು, ತುಳು ತನಗೆಲ್ಲಿ ಬರುತ್ತದೆ ಅಂತ. ಆಮೇಲೆ, ಅವನದನ್ನು ಮುಟ್ಟಲಿಲ್ಲ ತಾನೆ ಅಂತ ಮೆಲ್ಲಗೆ ಕೇಳಿದ, "ಅನಘಾ… ತೂನೇ ಉಸ್ಕಾ ಛುವಾ ತೋ ನಹೀ?"

ಅವಳು ಫೋನ್ ಇಟ್ಟಳು. ಲ್ಯಾಪ್‌ಟಾಪ್ ಮುಚ್ಚಿದಳು.

ಮುಚ್ಚಿದ ಲ್ಯಾಪ್‌ಟಾಪಿನೊಳಗಿಂದ… ಟಣ್.

ಮತ್ತೆ. ಟಣ್.

"ಅಮ್ಮಾ," ಅಂದಳು.

ರಮಾಮಣಿ ಎದ್ದು ಬಂದರು. ಮಗಳ ಮುಖ ನೋಡಿದರು, ಬಯ್ಯಲಿಲ್ಲ. ದೇವರ ಮುಂದಿನ ಗಂಧ ತಂದು ಹಣೆಗಿಟ್ಟರು. ಏನಾಯಿತೆಂದು ಪೂರ್ತಿ ಕೇಳಿಸಿಕೊಂಡು ಹೇಳಿದರು:

"ತೆಗಿ. ಕರೆದವರಿಗೆ ಉತ್ತರ ಕೊಡದೆ ಇರ್ಬಾರ್ದು ಮಗಾ. ನಾನಿದ್ದೇನೆ."

ತೆರೆದಳು. ಒಂದರ ಕೆಳಗೊಂದು ಅದೇ ಸಾಲು. ಏರ್? ಏರ್? ಅವಳ ಲೆಕ್ಕ ನಿಂತು ಹೋಗಿತ್ತು. ಬರೆದಳು, ತಾನು ಅನಘ, ತಪ್ಪಾಯಿತು ಅಂತ. ಕರ್ಸರ್ ಮಿನುಗಿತು. ಖಾಡಿಯ ಕಡೆಯಿಂದ ಕೊನೆಯ ಗಾಡಿಯ ಹಾರ್ನ್ ಒಂದು ಉದ್ದಕ್ಕೆ ಕೇಳಿಸಿತು. ಆಮೇಲೆ ಒಂದೊಂದೇ ಅಕ್ಷರವಾಗಿ ಬಂತು.

ಎನನ್ ಉಲಾಯಿ ಲೆಪ್ಪುಲೆ.

ನನ್ನನ್ನು ಒಳಗೆ ಕರೆಯಿರಿ.

ಒಳಗೇ ಇದ್ದಾನಲ್ಲ, ಇನ್ನೆಲ್ಲಿಗೆ ಕರೆಯಬೇಕು ಅಂತ ಅನಘಳಿಗೆ ತಿಳಿಯಲಿಲ್ಲ. ರಮಾಮಣಿಗೆ ತಿಳಿಯಿತು. ಪಕ್ಕದಲ್ಲಿ ಕುಸಿದು ಕೂತರು. ನಮ್ಮ ಊರ ಕಡೆ ಹೋದವರನ್ನು ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಮನೆಯೊಳಗೆ ಕರೆಯುವ ಕ್ರಮ ಉಂಟಲ್ಲ… ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚುವುದು. ಅದಾಗದಿದ್ದರೆ ಜೀವ ಜಗಲಿಯಲ್ಲೇ ನಿಂತಿರುತ್ತದೆ.

"ಆ ಹುಡುಗನನ್ನು ಯಾರೂ ಕರೀಲಿಲ್ಲ ಕಾಣ್ತದೆ," ಅಂದರು. "ಮೊದಲು ಅವನದ್ದು ಓಡಲಿ."

"ನಂದು ಮುಗಿಯೂದಿಲ್ಲಮ್ಮ. ಸೋಮವಾರ…"

"ಗೊತ್ತುಂಟು," ಅಂದರು ರಮಾಮಣಿ.

ಅನಘ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅವನ ಹೆಸರಿನಲ್ಲಿ ಹೋಗಿ, ನಿಲ್ಲಿಸಿದ್ದನ್ನು ಮುಂದುವರಿಸಿದಳು. ಟಣ್ ಅನ್ನುವ ಸದ್ದು ಮತ್ತೆ ಬರಲಿಲ್ಲ.

ಮರುದಿನ ತಾಯಿ ಮಗಳು ಡೊಂಬಿವಲಿಗೆ ಹೋದರು. ವಸಂತಕುಮಾರರು ತಲೆ ತಗ್ಗಿಸಿ ಹೇಳಿದ್ದು ರಮಾಮಣಿ ಎಣಿಸಿದ್ದೇ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಪ್ರಫುಲ್ಲಾ ಮಗನನ್ನು ಒಳಗೆ ಕರೆಯಲು ಒಪ್ಪಿರಲಿಲ್ಲ. ಕರೆಯಲು ಬೇರೆ ಯಾರನ್ನೂ ಬಿಟ್ಟಿರಲಿಲ್ಲ. ಪ್ರಫುಲ್ಲಾ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ಕೂತಿದ್ದರು.

"ಕರೆದರೆ ಅವನು ಹೋದದ್ದು ನಿಜ ಆಗ್ತದಲ್ಲ ಅಕ್ಕ," ಅಂದರು.

"ಅವನು ಬಾಗಿಲಲ್ಲಿ ನಿಂತಿದ್ದಾನೆ ಪ್ರಫುಲ್ಲಾ. ಕೇಳ್ತಾ ಇದ್ದಾನೆ."

ಪ್ರಫುಲ್ಲಾ ಎದ್ದು ಅಕ್ಕಿ ತೊಳೆಯಲು ಹೋದರು.

ಕತ್ತಲಾದ ಮೇಲೆ ಮಗನ ಕೋಣೆಯಲ್ಲಿ ಎಲೆ ಹಾಕಿದರು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಂದು ಲೋಟ ನೀರು. ಮೀನು ಮುಟ್ಟದ ರಮಾಮಣಿ ಮೂಗಿಗೆ ಸೆರಗು ಹಿಡಿಯದೆ ದೀಪ ಹಿಡಿದು ನಿಂತರು. ಫ್ಲಾಟಿನ ಬಾಗಿಲು ತೆರೆದಿತ್ತು. ಪ್ರಫುಲ್ಲಾ ಹೊಸ್ತಿಲಲ್ಲಿ ನಿಂತು ಒಳಗೆ ಬಾ ಅಂತ ಕರೆದರು.

"ರಿತೇಶಾ… ಉಲಾಯಿ ಬಲ ಮಗಾ."

ಎರಡನೇ ಸಲ ಕರೆದಾಗ ಕೆಳಗೆಲ್ಲೋ ಲಿಫ್ಟ್ ಗಡಗಡ ಅಂತ ಹೊರಟಿತು. ಮೂರನೇ ಸಲಕ್ಕೆ ಅವರ ಮಹಡಿಯಲ್ಲೇ ನಿಂತಿತು. ಕರ್ರ್… ಅಂತ ಗ್ರಿಲ್ ಸರಿಯಿತು. ಲಿಫ್ಟಿನಲ್ಲಿ ಯಾರೂ ಇರಲಿಲ್ಲ. ದೀಪ ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು.

ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತರು. ಒಳಗೆ ಎಲೆಯ ಹೊರತು ಬೇರೇನೂ ಇಲ್ಲ, ಅವನ ಕಂಪ್ಯೂಟರನ್ನು ಯಾವತ್ತೋ ಯಾರಿಗೋ ಕೊಟ್ಟಾಗಿತ್ತು.

ಟಕ್… ಟಕ್‌ಟಕ್… ಟಕ್.

ಅನಘ ತಾಯಿಯ ಕೈ ಹಿಡಿದಳು. ಬಾವಿಯ ಹತ್ತಿರ ಕೇಳಿದ್ದೇ ಸದ್ದು. ಪ್ರಫುಲ್ಲಾ ಬಾಗಿಲಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಮಗ ಕೀಬೋರ್ಡ್ ಕುಟ್ಟುತ್ತಿದ್ದಾಗ ಕೇಳಿಸಿಕೊಳ್ಳುತ್ತಿದ್ದ ಹಾಗೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಒಂದು ಗಟ್ಟಿ ಟಕ್. ಆಮೇಲೆ ಏನೂ ಇಲ್ಲ.

ಅನಘಳ ಫೋನ್ ನಡುಗಿತು. ಸಮಿತ. ಮನೆಯಿಂದ ಸರ್ವರ್ ನೋಡುತ್ತಿರು ಅಂತ ಅವಳೇ ಹೇಳಿದ್ದಳು.

"ಉಸ್ಕಾ ಖತಮ್ ಹೋ ಗಯಾ," ಅಂದ. ಅವನ ದನಿ ಸಣ್ಣದಾಗಿತ್ತು. "ಅಪ್ನೇ ಆಪ್. ಪೂರಾ."

ರಿತೇಶನ ಲೆಕ್ಕ ತಾನಾಗಿಯೇ ಪೂರ್ತಿ ಮುಗಿದು ಅರ್ಧ ಯಂತ್ರ ಬಿಡುವಾಯಿತು. ಅನಘ ಮತ್ತೆ ಹಚ್ಚಿದ ತನ್ನ ಲೆಕ್ಕ ಭಾನುವಾರವೆಲ್ಲ ಓಡಿ ಸೋಮವಾರ ಬೆಳಗಿಗೆ ಮುಗಿಯಿತು. ಪ್ರಬಂಧ ಹೊತ್ತಿಗೆ ಸರಿಯಾಗಿ ಸೇರಿತು. ದೇವರ ಕೃಪೆ ಅನ್ನದೆ ಬೇರೇನು ಅನ್ನುವುದು?

ಆ ಸೋಮವಾರ ಚಂದ್ರಬಾಯಿ ಸರ್ವರ್ ಕೋಣೆಯ ಬೀಗ ತೆಗೆದಳು. ಶುಕ್ರವಾರ ಹಾಕಿದ ಬೀಗ. ಕೀಬೋರ್ಡ್ ಒರೆಸಲು ಹೋದವಳು ಹೊರಗೆ ಬಂದು, ಅಲ್ಲಿದ್ದ ಹುಡುಗರ ಮುಂದೆ ಅಂಗೈ ಚಾಚಿ, ಈ ಕೆಂಪನ್ನ ಇಲ್ಲಿ ತಿಂದವರು ಯಾರು ಅಂತ ರೇಗಿದಳು.

"ಹಾ ಲಾಲ್ ಭಾತ್ ಕುಣೀ ಖಾಲ್ಲಾ ಇಥೇ?"

ಅಂಗೈಯಲ್ಲಿ ಕುಚ್ಚಲಕ್ಕಿ ಅನ್ನದ ಒಂದು ಅಗುಳು. ಎಂಟರ್ ಕೀಲಿಗೆ ಅಂಟಿಕೊಂಡಿತ್ತಂತೆ. ಅನಘ ಮುಟ್ಟಿ ನೋಡಿದಳು. ಈಗಷ್ಟೇ ಬಡಿಸಿದ ಹಾಗೆ ಮೆತ್ತಗಿತ್ತು.

ಇದು ನಡೆದದ್ದು. ಅನಘ ಈಗಲೂ ನೆರೂಳದಲ್ಲೇ ಇದ್ದಾಳೆ, ಬೇಕಾದವರು ಕೇಳಬಹುದು. ಕೇಳಿದ ನಿಮ್ಮೆಲ್ಲರ ಮನೆಯ ದೀಪ ತಣ್ಣಗೆ ಉರಿಯಲಿ, ತಡವಾಗಿ ಬರುವವರು ಸುಖವಾಗಿ ಬಂದು ಸೇರಲಿ. ಹೊರಗೆ ನಿಂತವರನ್ನು ಹೆಸರು ಹಿಡಿದು ಕರೆಯುವವರು ಯಾರಾದರೂ ಇರಲಿ. ತಾಯಿ ನಿಮ್ಮನ್ನೆಲ್ಲ ಕಾಯಲಿ.